ಪೈಲ್ವಾನನ ಡಬ್ಬ

ಫುಡ್ ಇನ್‌ಸ್ಪೆಕ್ಟರ್ ಎಡ್ಮಂಡ್ ಡಬ್ಬದ ಮುಚ್ಚಳ ಎಬ್ಬಿಸುವುದಕ್ಕೂ ಅಂಗಡಿಯ ಪುತ್ತುಬ್ಬನ ಜೀವ ಬಾಯಿಗೆ ಬರುವುದಕ್ಕೂ ಸರಿಹೋಯಿತು.

ಡಬ್ಬದ ಮೇಲೆ ತೋಳು ಉಬ್ಬಿಸಿ ನಿಂತ ಪರದೇಶಿ ಪೈಲ್ವಾನ. ಒಳಗೆ ಹುರಿದ ಹೆಸರುಕಾಳು, ನೆಲಗಡಲೆ, ಮೆಂತೆಯ ಪುಡಿ. ಗಲ್ಫಿನಿಂದ ಬಂದವರ ಮನೆಗಳಿಂದ ಖಾಲಿ ಡಬ್ಬ ಸೇರಿಸುವುದು ಪುತ್ತುಬ್ಬನ ಕೆಲಸ. ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಹುರಿದು ಕುಟ್ಟುವುದು ಹೆಂಡತಿ ಬೀಪಾತುಮ್ಮನದು. ಕಾಪುವಿನಿಂದ ಕಾರ್ಕಳದವರೆಗೆ ವ್ಯಾಯಾಮಶಾಲೆಯ ಹುಡುಗರು ಎಂಟು ವರ್ಷಗಳಿಂದ ಅದನ್ನೇ ಹಾಲಿಗೆ ಕಲಸಿ ಕುಡಿದು ಎದೆ ಬೆಳೆಸಿದ್ದರು. ಡಬ್ಬಕ್ಕೆ ತನ್ನ ಹೆಸರು ಹಾಕಬಾರದೇ ಎಂದು ಬೀಪಾತುಮ್ಮ ಒಮ್ಮೆ ಕೇಳಿದ್ದಳು. ಪುತ್ತುಬ್ಬ ಬಿದ್ದು ಬಿದ್ದು ನಕ್ಕಿದ್ದ.

"ದೂರು ಬಂದಿದೆ ಬ್ಯಾರಿಗಳೇ. ಕಲಬೆರಕೆ ಸಿಕ್ಕಿದರೆ ಲೈಸೆನ್ಸ್ ಹೋಗ್ತದೆ."

"ಕೊಟ್ಟದ್ದು ಯಾರು ಸಾರ್?"

"ಅದು ಹೇಳುವ ಹಾಗಿಲ್ಲ."

ಹೇಳುವುದೇ ಬೇಡವಾಗಿತ್ತು. ಪುಡಿಯನ್ನು ಮೂರು ಬಾಟಲಿಗೆ ತುಂಬಿ ಅರಗಿನ ಮುದ್ರೆ ಒತ್ತಿದ ಮೇಲೆ ಸಾಕ್ಷಿಯ ಸಹಿ ಬೇಕಿತ್ತು. ಪೇಟೆಯಲ್ಲಿ ಒಂದು ನರಪಿಳ್ಳೆಯೂ ಒಪ್ಪಲಿಲ್ಲ. ನೆರೆಯವನ ಹೊಟ್ಟೆಯ ಮೇಲೆ ಹೊಡೆಯುವ ಕಾಗದ ಯಾರಿಗೆ ಬೇಕು? ಎದುರಿನ ಅಂಗಡಿಯ ಅಣ್ಣು ಮಾತ್ರ ಬಂದ, ತನ್ನದೇ ಪೆನ್ನು ತೆಗೆದು ಸಹಿ ಜಡಿದ.

"ಹೆದರಬೇಡಿ ಬ್ಯಾರಿಗಳೇ. ನನ್ನ ಮಗನೂ ಇದನ್ನೇ ಕುಡಿಯುವುದಲ್ವಾ?"

ಗಾಯಕ್ಕೆ ಉಪ್ಪು ಸವರುತ್ತಿದ್ದಾನೆ ಎಂದು ಪುತ್ತುಬ್ಬ ಹಲ್ಲು ಕಡಿದ. ಬಾಗಿಲ ಮರೆಯಿಂದ ಚಹಾ ನೀಡುತ್ತ ಬೀಪಾತುಮ್ಮ ಕೇಳಿದಳು: "ಸಾರ್, ರಿಪೋರ್ಟ್ ಯಾವಾಗ ಬರ್ತದೆ?" ಪಾಪ, ಹೆದರಿದ್ದಾಳೆ ಎಂದುಕೊಂಡ ಪುತ್ತುಬ್ಬ.

ನಲವತ್ತು ದಿನ ಪುತ್ತುಬ್ಬನಿಗೆ ಗಂಜಿ ಇಳಿಯಲಿಲ್ಲ. ಅಣ್ಣುವಿನ ಮುಖ ಕಂಡರೆ ಉರಿದುಬೀಳುತ್ತಿದ್ದ.

"ಅಂಗಡಿ ಮುಚ್ಚಿದರೆ ನಾಲ್ಕು ಮಕ್ಕಳಿಗೆ ಎಂತ ಕೊಡುವುದು ಮಾರಾಯ್ತಿ?"

"ನನ್ನ ಪುಡಿಯಲ್ಲಿ ಎಂತ ಕಲಬೆರಕೆ ಉಂಟು?" ಎಂದು ಬೀಪಾತುಮ್ಮ ಹಾಯಾಗಿ ಮೀನು ಹುರಿದಳು. ಈ ಹೆಂಗಸಿಗೆ ಲೋಕವೇ ಗೊತ್ತಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು.

ನಲವತ್ತೊಂದನೆಯ ದಿನ ಎಡ್ಮಂಡ್ ಬಂದ.

"ಪುಡಿ ಅಪ್ಪಟ. ಸುಳ್ಳು ಇರುವುದು ಡಬ್ಬದ ಮೇಲೆ. ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೇನೆ. ಇನ್ನು ಮುಂದೆ ತಯಾರಿಸಿದವರ ಹೆಸರು, ಊರು ಚೀಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಒಂದು ಚಮಚವೂ ಮಾರುವ ಹಾಗಿಲ್ಲ."

ಎಡ್ಮಂಡ್ ಹೋದ ಮೇಲೆ ಪುತ್ತುಬ್ಬನಿಗೆ ಹೋದ ಜೀವ ಬಂತು, ಜೊತೆಗೆ ಸಿಟ್ಟೂ ಬಂತು.

"ನೋಡು ಆ ಅಣ್ಣುವಿನ ಕಿತಾಪತಿ. ಇನ್ನು ಉಡುಪಿಯ ಪ್ರೆಸ್ಸಿಗೆ ಹೋಗಿ ಚೀಟಿ ಅಚ್ಚು ಹಾಕಿಸಬೇಕು. ಹದಿನೈದು ದಿನ ವ್ಯಾಪಾರ ಇಲ್ಲ."

ಬೀಪಾತುಮ್ಮ ಒಳಗೆ ಹೋಗಿ ಒಂದು ಕಟ್ಟು ತಂದು ಅವನ ಮುಂದೆ ಇಟ್ಟಳು. ಹೊಸ ಚೀಟಿಗಳು, ಸಾವಿರ: 'ಬೀಪಾತುಮ್ಮನ ಶಕ್ತಿಪುಡಿ, ಕಾಪು.'

"ಇದನ್ನು ಯಾವಾಗ ಮಾಡಿಸಿದ್ದು?"

"ದೂರು ಬರೆದು ಅಂಚೆಗೆ ಹಾಕಿದೆನಲ್ಲ," ಎಂದಳು ಬೀಪಾತುಮ್ಮ, "ಅದರ ಹಿಂದಿನ ದಿನ."