ಸಿಡಿಲಕ್ಕನ ತೀರ್ಪು

“ಇವಳೇ, ನಾನು ಕಣೇ!” ಎಂದು ಇಬ್ಬರೂ ಒಂದೇ ಸಲ ಕೂಗಿದರು.

ಸಿಡಿಲಕ್ಕ ಗಂಡನ ಕ್ಷೌರದಂಗಡಿಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಎರಡು ಕುರ್ಚಿಗಳಲ್ಲಿ ಇಬ್ಬರು ಗಂಡಂದಿರು. ಅದೇ ಅರೆಬೋಳು ತಲೆ, ಅದೇ ಬಿಳಿ ಕೋಟು, ಎಡಗೆನ್ನೆಯ ಮೇಲೆ ಅದೇ ಮಚ್ಚೆ. ಎದುರುಬದುರು ಕನ್ನಡಿಗಳಲ್ಲಿ ಕಣ್ಣು ಹಾಯುವಷ್ಟು ದೂರವೂ ಅವಳ ಗಂಡಂದಿರೇ. ಹಿಂದೆ ಬಂದೂಕು ಹಿಡಿದ ಸೈನಿಕರು.

“ಬೆಳಿಗ್ಗೆ ಒಬ್ಬ ಅಂಗಡಿ ಗುಡಿಸ್ತಾ ಇದ್ದ, ಇನ್ನೊಬ್ಬ ಬೀಗದಕೈ ಹಿಡ್ಕೊಂಡು ಬಂದ,” ಎಂದ ದಳಪತಿ. “ಎದುರು ಅಂಗಡಿಯವಳು ನೋಡಿ ಕಿರುಚಿಕೊಂಡಳು.”

ವೇಷದವರು ಆಕಾಶದಿಂದ ಇಳಿದು ವರ್ಷಗಳೇ ಆಗಿದ್ದವು. ಬೇಕೆಂದು ಯಾರನ್ನು ಮುಟ್ಟುತ್ತಾರೋ ಅವರ ರೂಪ ಇವರದಾಗುತ್ತಿತ್ತು, ನೆನಪೂ ಸಹ. ಆಮೇಲೆ ಅಸಲು ಮನುಷ್ಯನನ್ನು ಮುಗಿಸಿ ಅವನ ತಟ್ಟೆಯಲ್ಲೇ ಊಟಕ್ಕೆ ಕೂರುತ್ತಿದ್ದರು. ಕೊಯ್ದರೆ ನಮ್ಮಂತೆಯೇ ರಕ್ತ. ಗುಂಡಿಟ್ಟರೆ ನಮ್ಮಂತೆಯೇ ಬೀಳುತ್ತಿದ್ದರು, ಸಂಜೆಗೆ ಬೇರೊಂದು ಮುಖ ಹೊತ್ತು ಎದ್ದು ಹೋಗುತ್ತಿದ್ದರು. ಸೆರೆಯಲ್ಲಿಟ್ಟರೆ ಕಾವಲುಗಾರನಾಗಿ ಹೊರಬರುತ್ತಿದ್ದರು. ಅಸಲಿನವನು ಹೇಗೋ ಬದುಕುಳಿದು, ಒಂದೇ ಮುಖದ ಇಬ್ಬರು ಸಿಕ್ಕಾಗ ಮಾತ್ರ ಗುಟ್ಟು ರಟ್ಟಾಗುತ್ತಿತ್ತು.

ಅವರನ್ನು ಬೂದಿ ಮಾಡಬಲ್ಲದ್ದು ಒಂದೇ, ಸಿಡಿಲಕ್ಕನ ಅಂಗೈಯಿಂದ ಹೊಮ್ಮುವ ಸಿಡಿಲು. ಅದಕ್ಕೆ ಮನುಷ್ಯರೂ ಬೂದಿಯಾಗುತ್ತಿದ್ದರು. ಅವಳ ಕೈಗೆ ಬಲವಿತ್ತು, ಕಣ್ಣಿರಲಿಲ್ಲ.

“ಗೊತ್ತಾಗದಿದ್ರೆ ಇಬ್ಬರನ್ನೂ ಸುಡಬೇಕು ಅಕ್ಕ,” ಎಂದ ದಳಪತಿ ತಲೆ ತಗ್ಗಿಸಿ. “ಆಜ್ಞೆ ಆಗಿದೆ.”

ಅವಳು ಕೇಳತೊಡಗಿದಳು. “ಮದುವೆಯಾದ ಹೊಸತರಲ್ಲಿ ನಾನು ಯಾಕೆ ಮಾತು ಬಿಟ್ಟಿದ್ದೆ?”

“ನಿನ್ನ ಅಡುಗೆ ನೋಡಿ ನಕ್ಕೆ ಅಂತ,” ಎಂದ ಕಿಟಕಿಯ ಪಕ್ಕದವನು.

“ನಕ್ಕಿದ್ದು ಅಡುಗೆಗಲ್ಲ, ಮೂಗಿಗೆ ಹತ್ತಿದ್ದ ಹಿಟ್ಟಿಗೆ,” ಎಂದ ಗೋಡೆಯ ಪಕ್ಕದವನು.

“ಹೌದು, ಹಿಟ್ಟಿಗೆ! ಗಾಬರಿಗೆ ಮರೆತೆ ಕಣೇ!”

ಉಸಿರಿಲ್ಲದೆ ಹುಟ್ಟಿದ ಮಗುವಿಗೆ ಇಡಬೇಕೆಂದಿದ್ದ ಹೆಸರು ಕೇಳಿದಳು. ಇಬ್ಬರೂ ಅದನ್ನೇ ಹೇಳಿದರು.

ಕಿಟಕಿಯ ಪಕ್ಕದವನು ಬೆವರಿನಲ್ಲಿ ತೊಯ್ದುಹೋಗಿದ್ದ. ಪ್ಯಾಂಟೂ ಒದ್ದೆಯಾಗಿತ್ತು. “ನನ್ನನ್ನ ಕೊಲ್ಲಬೇಡ್ವೇ, ನಿನ್ನ ಕಾಲಿಗೆ ಬೀಳ್ತೀನಿ. ಅವನನ್ನ ಸುಡು, ಅವನನ್ನ!” ಗೋಡೆಯ ಪಕ್ಕದವನು ಮಾತ್ರ ಜ್ವರ ಬಂದ ತಮ್ಮನನ್ನು ನೋಡುವಂತೆ ಇವನನ್ನೇ ನೋಡುತ್ತಿದ್ದ.

“ಅಕ್ಕ, ಇನ್ನು ಕಾಯೋದಕ್ಕಾಗಲ್ಲ,” ಎಂದ ದಳಪತಿ.

ಸಿಡಿಲಕ್ಕ ಎರಡೂ ಕೈ ಎತ್ತಿದಳು.

“ಸಾಕು,” ಎಂದ ಗೋಡೆಯ ಪಕ್ಕದವನು. “ನಿನ್ನ ಕೈ ನಡುಗೋದನ್ನ ನೋಡೋಕಾಗ್ತಿಲ್ಲ. ನಾನೇ ವೇಷದವನು. ನನ್ನನ್ನ ಸುಡು, ಅವನನ್ನ ಬಿಟ್ಟುಬಿಡು.”

“ನೋಡಿದ್ಯಾ? ಒಪ್ಪಿಕೊಂಡ! ಸುಡು, ಬೇಗ ಸುಡು!”

ಅವಳ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಹೆಂಡತಿಯ ಕೈ ನಡುಗಿತೆಂದು ಪ್ರಾಣ ಕೊಡುವವನು ಗಂಡನಲ್ಲದೆ ಇನ್ನಾರು? ತನ್ನ ಜೀವವೊಂದು ಉಳಿದರೆ ಸಾಕೆನ್ನುವವನಿಗೆ ಅವಳ ಮೇಲೆಲ್ಲಿಯ ಪ್ರೀತಿ?

ಅವಳು ಕಿಟಕಿಯತ್ತ ತಿರುಗಿದಳು. ಸಿಡಿಲು ಬಡಿಯಿತು.

“ಅಯ್ಯೋ, ನಾನು ಹೇಳಿದ್ದು ಕೇಳಿಸಲಿಲ್ವೇನೇ!” ಎಂದು ಉಳಿದವನು ಚೀರಿದ. ಬದುಕಿಕೊಂಡವರು ಹೀಗೆ ಏನೇನೋ ಬಡಬಡಿಸುವುದನ್ನು ಸೈನಿಕರು ಕಂಡಿದ್ದರು. ಒಬ್ಬ ಅವನಿಗೆ ನೀರು ಕೊಟ್ಟ.

ಅಂದಿನಿಂದ ಅದೇ ನಿಯಮವಾಯಿತು. ಇಬ್ಬರಲ್ಲಿ ಜೀವ ಬಿಟ್ಟುಕೊಡುವವರು ಮನುಷ್ಯರು, ಜೀವಕ್ಕೆ ಅಂಗಲಾಚುವವರು ವೇಷದವರು. ಸಿಡಿಲಕ್ಕ ಇಬ್ಬರು ಸೂಲಗಿತ್ತಿಯರಲ್ಲಿ ಒಬ್ಬಳನ್ನು ಸುಟ್ಟಳು, ಇಬ್ಬರು ಮೇಷ್ಟ್ರುಗಳಲ್ಲಿ ಒಬ್ಬನನ್ನು ಸುಟ್ಟಳು. ಪ್ರತಿ ಸಲವೂ ಒಬ್ಬರು ಅಂಗಲಾಚಿದರು, ಒಬ್ಬರು ಬಿಟ್ಟುಕೊಟ್ಟರು. ದಳಪತಿ ಬೆನ್ನು ತಟ್ಟಿದ. ಆದರೂ ಊರುಗಳು ಒಂದೊಂದಾಗಿ ಕೈತಪ್ಪಿದವು. ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಮಲಗುವುದನ್ನು ಬಿಟ್ಟರು. ತಾಯಂದಿರು ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಒಂದು ಗಳಿಗೆ ದಿಟ್ಟಿಸುವುದನ್ನು ಕಲಿತರು.

ಗಂಡ ಅಂಗಡಿ ಮುಚ್ಚಿದ. ಅವಳು ತೀರ್ಪಿಗೆ ಹೊರಟಾಗಲೆಲ್ಲ “ಹೋಗಬೇಡ” ಎನ್ನುತ್ತಿದ್ದ. ಬಂದ ಮೇಲೆ ಅವಳ ಸುಟ್ಟ ಅಂಗೈಗಳಿಗೆ ಬೆಣ್ಣೆ ಹಚ್ಚುತ್ತಿದ್ದ. ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಬೆಣ್ಣೆಯ ಬಟ್ಟಲು ಎತ್ತಿಡುತ್ತಿದ್ದ. ಇಷ್ಟು ಮೆದು ಅವನು ಮೊದಲು ಇರಲಿಲ್ಲ. ಸಾವಿನ ಬಾಯಿಂದ ಬಂದವನಲ್ಲವೇ ಎಂದುಕೊಂಡಳು.

ಒಂದು ಮಧ್ಯಾಹ್ನ ತವರಿನಿಂದ ಸುದ್ದಿ ಬಂತು. ಅಡುಗೆಮನೆಯಲ್ಲಿ ಇಬ್ಬರು ಅಮ್ಮಂದಿರಿದ್ದಾರೆ.

ಸಿಡಿಲಕ್ಕ ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡಳು. “ಹೆದರಬೇಡಿ ರೀ. ಅಮ್ಮ ಯಾರು ಅಂತ ಕ್ಷಣದಲ್ಲಿ ಗೊತ್ತಾಗುತ್ತೆ. ನೀವೇ ಕಲಿಸಿದ್ದಲ್ವಾ?”

ಅವನು ಬಾಗಿಲಿಗೆ ಅಡ್ಡ ನಿಂತ. ಅವಳ ಎರಡೂ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡ.

“ನೆನಪಿನ ಜೊತೆ ವೇಷದವರಲ್ಲಿ ಕೆಲವರಿಗೆ ಪ್ರೀತಿನೂ ಬಂದುಬಿಡುತ್ತೆ ಕಣೇ. ಅಂಥವರಿಗೆ ಅಸಲಿನವರನ್ನ ಕೊಲ್ಲೋಕೆ ಕೈ ಬರಲ್ಲ. ಅದಕ್ಕೇ ಇಬ್ಬರು ಉಳಿಯೋದು. ಕೊನೆಗೆ ಪ್ರಾಣ ಬಿಟ್ಟುಕೊಡೋರೂ ಅವರೇ. ಸಾಯೋಕೆ ಹೆದರಿ ಅಳೋರು ಮನುಷ್ಯರು.”

“ಏನ್ರೀ ಹೇಳ್ತಿದ್ದೀರಿ?”

“ಅವತ್ತು ಅಂಗಡಿಯಲ್ಲಿ ನಾನು ನಿಜಾನೇ ಹೇಳಿದ್ದೆ.”