ಹತ್ತು ದಿನದ ಬಿಸಿಲು

ಉತ್ತರದ ದ್ವೀಪಗಳಲ್ಲಿ ಸೂರ್ಯ ಕಾಣದೆ ಮೂರು ವರ್ಷವಾಗಿತ್ತು. ಅಲ್ಲಿನ ಬಾಣಂತಿಯರಿಗೆ ಬಿಸಿಲು ಕಳಿಸುವ ಪುಟ್ಟ ಸಂಘವೊಂದನ್ನು ರಾಯಚೂರಿನ ನೀಲಗಂಗಮ್ಮ ತನ್ನ ಮಾಳಿಗೆಯ ಮೇಲೆಯೇ ನಡೆಸುತ್ತಿದ್ದಳು. ಓಣಿಯ ಹೆಂಗಸರು ಬಿಸಿಲು ಹಿಡಿಯುವ ನೂಲಿನಿಂದ ಕೌದಿ ಹೊಲಿದು ಕೊಡುತ್ತಿದ್ದರು. ಮೂರು ದಿನ ಹರವಿಟ್ಟ ಕೌದಿ, ಮಡಿಕೆ ಬಿಚ್ಚಿದ ಮೇಲೆ ತಿಂಗಳಿಡೀ ಬೆಚ್ಚಗಿರುತ್ತಿತ್ತು.

ಇವತ್ತು ಮೂರನೆಯ ದಿನ, ನಿನ್ನೆ ಬೆಳಗಿನಿಂದಲೂ ಮೋಡ. ನಾಲ್ಕಕ್ಕೆ ಲಾರಿ ಬರುವುದಿತ್ತು. ನೀಲಗಂಗಮ್ಮ ಹತ್ತಾರು ಸಲ ಮೆಟ್ಟಿಲು ಹತ್ತಿಳಿದಳು. ಪ್ರತಿ ಸಲವೂ ಕೌದಿಗಳೊಳಗೆ ಕೈಯಿಟ್ಟು ನೋಡಿದಳು.

“ಅರ್ಧಾನೂ ತುಂಬಿಲ್ಲ ಹಜರತ್‌ಬೀ. ಇಂಥಾವು ಹೆಂಗ ಕಳಸ್ಲಿ?”

“ಕಳಸಕ್ಕಾ. ಅವ್ರಿಗೇನ್ ಗೊತ್ತಾಗ್ತದ?” ಎಂದಳು, ಮಡಚಲು ಬಂದಿದ್ದ ನೆರೆಮನೆಯ ಹಜರತ್‌ಬಿ.

“ಹೊದ್ದದ್ದು ನಡುವ ಆರಿದ್ರ ಹಸಿಬಾಣಂತಿಗೆ ಗೊತ್ತಾಗ್ತದ!”

ತಡೆಯಲಾರದೆ ನೀಲಗಂಗಮ್ಮ ದ್ವೀಪದ ಸೂಲಗಿತ್ತಿ ಮಾರಿತ್‌ಗೆ ಫೋನು ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಮಾರಿತ್ ಆಡಿದ್ದನ್ನು ಫೋನು ಕನ್ನಡದಲ್ಲಿ ಕೇಳಿಸಿತು.

“ಎಷ್ಟು ದಿನ ಬೆಚ್ಚಗಿರುತ್ತವೆ?”

“ಹತ್ತ ದಿನ ಅಷ್ಟರೀ.”

ಆ ಕಡೆ ಮಾರಿತ್ ಪುಟ ತಿರುವಿದ ಸದ್ದು ಕೇಳಿಸಿತು.

“ಇಲ್ಲಿ ಇಬ್ಬರಿಗೆ ದಿನ ತುಂಬಿವೆ. ಕಳಿಸಿ. ಹತ್ತೇ ದಿನ ಅಂತ ಬರೆದು ಕಳಿಸಿ, ಆಗ ಯಾರೂ ತಿಂಗಳಿಡೀ ನಂಬಿ ಕೂರುವುದಿಲ್ಲ.”

ನೀಲಗಂಗಮ್ಮ, ಹಜರತ್‌ಬಿ ಇಬ್ಬರೂ ಕೂತು ಒಂದೊಂದು ಕೌದಿಗೂ ‘ಹತ್ತು ದಿನ’ ಎಂಬ ಚೀಟಿ ಹೊಲಿದು ಲಾರಿಗೆ ಏರಿಸಿದರು.

ಲಾರಿ ಓಣಿ ದಾಟುವಷ್ಟರಲ್ಲಿ ಮೋಡ ಸರಿದು ಸುಡುವ ಬಿಸಿಲು ಬಿತ್ತು. ಮಾಳಿಗೆ ಬರಿದಾಗಿತ್ತು.

“ಹಾಳಾದ್ದು, ಈಗ ಬಂತು ನೋಡು!” ಎನ್ನುತ್ತ ನೀಲಗಂಗಮ್ಮ ಒಳಗೆ ಓಡಿದಳು. ತನಗೆಂದು ಹೊಲಿದುಕೊಂಡಿದ್ದ ಒಂದೇ ಕೌದಿಯನ್ನು ಹಾಸಿಗೆಯಿಂದ ಎಳೆದು ಹೆಗಲಿಗೆ ಹಾಕಿಕೊಂಡು, ಮುಂದಿನ ಲಾರಿಗೆ ಇದೊಂದಾದರೂ ತುಂಬಲಿ ಎಂದು ಮತ್ತೆ ಮೆಟ್ಟಿಲು ಹತ್ತಿದಳು.