ನೌಪಾಡಾದ ಪ್ರಧಾನಮಂತ್ರಿ

ಗೃಹಮಂತ್ರಿ ತನ್ನ ಸರಕಾರ ಉರುಳಿಸಲು ಹೊಂಚು ಹಾಕಿದ್ದಾನೆಂದು ಪ್ರಧಾನಮಂತ್ರಿಗೆ ಖಚಿತವಾದದ್ದು ಬೆಳಿಗ್ಗೆ ಹತ್ತು ಗಂಟೆಗೆ, ಹೋಟೆಲಿನ ಗಲ್ಲಾದಲ್ಲಿ ಕೂತು ಸೋಂಪಿನ ಬಟ್ಟಲು ತುಂಬಿಸುತ್ತಿದ್ದಾಗ. ರಸ್ತೆಯ ಆಚೆ ಗೃಹಮಂತ್ರಿ ಅಂಬರೀಶ ನಿಂತಿದ್ದ. ಪ್ರಧಾನಿಯ ಹೆಂಡತಿ ಸುಗುಣಾಳ ಜೊತೆ ಪಿಸುಗುಡುತ್ತಿದ್ದ. ಪ್ರಧಾನಿ ತಲೆಯೆತ್ತಿದ ಕೂಡಲೇ ಇಬ್ಬರೂ ಸುಮ್ಮನಾದರು.

ಪುಂಡರೀಕಾಕ್ಷ ರಾಯರು ಠಾಣೆ ಶಹರದ ನೌಪಾಡಾ ಬಡಾವಣೆಯಲ್ಲಿ ಹೋಟೆಲು ಇಟ್ಟವರು, ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು. ಪ್ರಧಾನಮಂತ್ರಿಯಾದದ್ದು ಮಾತ್ರ ತೀರಾ ಈಚೆಗೆ, ಸಂಘದ ಅಣಕು ಸಂಸತ್ತಿನಲ್ಲಿ. ಸಂಘದ ಕಾರ್ಯದರ್ಶಿ ಅಂಬರೀಶನಿಗೆ ಗೃಹಖಾತೆ, ಖಜಾಂಚಿ ಮುರಾರಿಗೆ ಅರ್ಥಖಾತೆ. ಆ ನಾಟಕ ಬರೆದು ಆಡಿಸುತ್ತಿದ್ದವಳು ಸುಗುಣಾ.

ಪಾಪ, ಅವಳಿಗೆ ಬೇಕಾದದ್ದು ನಾಟಕವೇ ಆಗಿರಲಿಲ್ಲ, ಒಂದು ಕೋಣೆ. ಹದಿನಾರು ಮಕ್ಕಳನ್ನು ಸಂಘದ ಮೆಟ್ಟಿಲ ಮೇಲೆ ಕೂರಿಸಿ ಕನ್ನಡ ಕಲಿಸುತ್ತಿದ್ದಳು. ಮೆಟ್ಟಿಲ ಮೇಲೆ ಯಾರೂ ಕೂರಬಾರದೆಂದು ಅಗ್ನಿ ಸುರಕ್ಷತೆಯ ತಪಾಸಣೆಗೆ ಬಂದವರು ಹೇಳಿ ಹೋಗಿದ್ದರು. ಇನ್ನೆರಡು ತಿಂಗಳಲ್ಲಿ ಪಾಠ ಬಂದ್. ಮೊದಲ ಮಹಡಿಯಲ್ಲಿ ಗಾಳಿ ಬೆಳಕಿನ ಒಳ್ಳೆಯ ಕೋಣೆಯಿತ್ತು. ಅಲ್ಲಿ ಪ್ರತಿ ಭಾನುವಾರ ಪದಾಧಿಕಾರಿಗಳ ರಮ್ಮಿ ನಡೆಯುತ್ತಿತ್ತು.

"ಕೊಡ್ಲಿಕ್ಕೆ ನನಗೇನು ಬೇನೆ ಮಾರಾಯ್ತಿ?" ರಾಯರು ಮೂರು ವರ್ಷದಿಂದ ಹೇಳುತ್ತಿದ್ದರು. "ಮಹಾಸಭೆ ಒಪ್ಪಬೇಕಲ್ವಾ? ಮಹಾಸಭೆಗೆ ಜನ ಎಲ್ಲಿ ಬರ್ತಾರೆ?"

ಅದೂ ನಿಜವೇ. ಊಟವಿಲ್ಲದ ಸಭೆಗೆ ಹನ್ನೊಂದು ಜನ ಬಂದರೆ ಹೆಚ್ಚು. ಸುಗುಣಾ ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅತ್ತಳು. ಮರುದಿನ ಮೂಗು ಒರೆಸಿಕೊಂಡು ನಾಟಕ ಬರೆಯಲು ಶುರುಮಾಡಿದಳು. ಕಷ್ಟ ಮರೆಯುವುದಕ್ಕೆ ಒಳ್ಳೆಯ ಉಪಾಯ ಎಂದುಕೊಂಡರು ರಾಯರು.

ನಾಟಕದಲ್ಲಿ ವಿರೋಧಪಕ್ಷ ಕೇಳುವುದೂ ಅದೇ ಕೋಣೆಯನ್ನು; ಅದನ್ನು ಮಕ್ಕಳಿಗೆ ಕೊಡುವ ಮಸೂದೆ ತರುವುದು ಪ್ರಧಾನಿಯ ಸರಕಾರ.

"ದೇಶದ ಪ್ರಧಾನಿ ನಮ್ಮ ರಮ್ಮಿ ರೂಮಿನ ಬಗ್ಗೆ ಭಾಷಣ ಮಾಡುವುದಾ?" ಎಂದರು ರಾಯರು.

"ಜನ ನಗಬೇಕಲ್ಲ," ಎಂದಳು ಸುಗುಣಾ.

ಸಭಾಂಗಣದಲ್ಲಿ ಕೂತ ಸದಸ್ಯರೇ ಸಂಸದರು. ಮತದಾನಕ್ಕೆ ಮೊದಲೇ ಬರೆದಿಟ್ಟ ಫಲಿತಾಂಶವಿಲ್ಲ, ಕೈ ಎತ್ತಿದಷ್ಟೇ ಲೆಕ್ಕ. ಕೋಣೆಯ ಮಸೂದೆ ಬಿದ್ದರೆ ಸರಕಾರವೂ ಬೀಳುತ್ತದೆ. ಪ್ರಧಾನಿ ಮಧ್ಯಂತರಕ್ಕೆ ಮೊದಲೇ ಕೋಟು ಬಿಚ್ಚಿ ಮನೆಗೆ ಹೋಗಬೇಕು. ದ್ವಿತೀಯಾರ್ಧದಲ್ಲಿ ಅವರಿಗೊಂದು ಹನ್ನೊಂದು ನಿಮಿಷದ ಭಾಷಣವಿತ್ತು. ಅದನ್ನು ಅವರು ಸ್ನಾನದ ಮನೆಯಲ್ಲಿ ನಲವತ್ತು ಸಲ ಮಾಡಿದ್ದರು. ಅದು ಕೈತಪ್ಪುವುದೆಂದರೆ ಜೀವವೇ ಹೋದ ಹಾಗೆ.

ಆದ್ದರಿಂದ ರಾಯರು ಮತ ಬೇಟೆಗೆ ಇಳಿದರು. ಕಾಫಿಗೆ ಬಂದ ಸದಸ್ಯರಿಗೆಲ್ಲ ಶೀರಾ ಪುಕ್ಕಟೆ. "ಕೋಣೆ ಮಕ್ಕಳಿಗೇ ಸಿಗಬೇಕು, ಕೈ ಎತ್ತಿ ಮಾರಾಯ್ರೆ," ಎಂದು ಗಲ್ಲಾದಿಂದ ಎದ್ದು ಬಂದು ಕೈಮುಗಿದರು. ದೂರದ ಸೀವುಡ್ಸಿಗೆ ಮನೆ ಬದಲಿಸಿದ್ದ ಸದಸ್ಯರನ್ನೂ ಫೋನ್ ಮಾಡಿ ಕರೆದರು.

ಮುರಾರಿ ಮಾತ್ರ ಗುರುಗುಟ್ಟಿದ. "ನಾಟಕ ಆದರೂ ನಾನು ಆ ರೂಮು ಕೊಡ್ಲಿಕ್ಕೆ ಕೈ ಎತ್ತುವುದಿಲ್ಲ."

"ಸಂಪುಟದ ಒಳಗೆ ಎಷ್ಟು ಬೇಕಾದರೂ ಬೈಯಿ. ಹೊರಗೆ ನಮ್ಮದು ಒಂದೇ ಸ್ವರ. ಆಗದಿದ್ದರೆ ರಾಜೀನಾಮೆ ಕೊಡು. ಕೋಟು ವಾಪಸ್!"

ಬಾಡಿಗೆಯ ಬಂದ್‌ಗಲಾ ಕೋಟಿನಲ್ಲಿ ಮುರಾರಿ ಬಹಳ ಚೆನ್ನಾಗಿ ಕಾಣುತ್ತಿದ್ದ. ರಾಜೀನಾಮೆ ಕೊಡಲಿಲ್ಲ.

ಈ ಗಡಿಬಿಡಿಯ ನಡುವೆ, ಪ್ರದರ್ಶನಕ್ಕೆ ಮೂರು ವಾರ ಇದ್ದಾಗ, ಸುಗುಣಾ ಗಲ್ಲಾದ ಮೇಲೆ ಒಂದು ಕಾಗದ ಇಟ್ಟಿದ್ದಳು. "ಬೋರ್ಡಿಗೆ ಹಾಕುವ ನೋಟೀಸು. ಓದಿ ಸೈನ್ ಮಾಡಿ."

"ಓದುವುದೆಂತ, ನೀನೇ ಬರೆದದ್ದಲ್ವಾ?" ಸಂಪುಟ ಕಳಿಸಿದ ಕಡತಕ್ಕೆ ರಾಷ್ಟ್ರಪತಿ ಹಾಕುವಷ್ಟೇ ಸಲೀಸಾಗಿ ರಾಯರು ಸಹಿ ಹಾಕಿದರು. ನೋಟೀಸು ಬೋರ್ಡಿಗೇರಿತು. ಆ ಬೋರ್ಡನ್ನು ನೋಡುವ ಅಭ್ಯಾಸ ಸಂಘದಲ್ಲಿ ಯಾರಿಗೂ ಇರಲಿಲ್ಲ.

ನಾಟಕದ ದಿನ ಸಭಾಂಗಣ ತುಂಬಿ ತುಳುಕಿತು. ಬಾಗಿಲಲ್ಲಿ ಅಂಬರೀಶ ಒಬ್ಬೊಬ್ಬ ಸದಸ್ಯರ ಸಹಿ ಪಡೆದು ಹಸಿರು ಚೀಟಿ ಕೊಟ್ಟ. ನೂರಾ ಹನ್ನೆರಡು ಚೀಟಿ ಹೋದವು. ಚೀಟಿ ಇಲ್ಲದ ನೆಂಟರೆಲ್ಲ ಹಿಂದಿನ ಸಾಲಿನಲ್ಲಿ, ಮತವಿಲ್ಲದೆ. ನಾಟಕಕ್ಕೆ ಇಷ್ಟೆಲ್ಲ ಶಿಸ್ತು ಯಾಕೆಂದು ರಾಯರಿಗೆ ನಗು ಬಂತು.

ಮಸೂದೆ ಮತಕ್ಕೆ ಬಂತು. ರಾಯರು ಅಂಬರೀಶನನ್ನೇ ದಿಟ್ಟಿಸಿದರು.

ಮೊದಲ ಕೈ ಎತ್ತಿದವನೇ ಅಂಬರೀಶ! ಆಮೇಲೆ ಹಲ್ಲು ಕಚ್ಚಿಕೊಂಡು ಮುರಾರಿ. ಆಮೇಲೆ ಶೀರಾ ತಿಂದವರೆಲ್ಲ. ವಿರೋಧಪಕ್ಷವೂ ಎದ್ದು ಕೈ ಎತ್ತಿತು. ಸರಕಾರ ಉಳಿಯಿತು. ರಾಯರು ಹನ್ನೊಂದು ನಿಮಿಷದ ಭಾಷಣವನ್ನು ಇಪ್ಪತ್ತಾರು ನಿಮಿಷ ಮಾಡಿದರು. ಮುಗಿದ ಮೇಲೆ ಸುಗುಣಾ ಸಂಘದ ದಪ್ಪ ರಿಜಿಸ್ಟರು ಹಿಡಿದು ಬಂದಳು. ಹಸ್ತಾಕ್ಷರ ಕೇಳಿದ ಅಭಿಮಾನಿಗೆ ಕೊಟ್ಟ ಹಾಗೆ ಪ್ರಧಾನಿಯೂ ಮಂತ್ರಿಗಳೂ ಅದರಲ್ಲಿ ಸಹಿ ಮಾಡಿದರು.

ಮುಂದಿನ ಭಾನುವಾರ ರಾಯರೂ ಮುರಾರಿಯೂ ಇಸ್ಪೀಟಿನ ಕಟ್ಟು ಹಿಡಿದು ಮಹಡಿ ಹತ್ತಿದರೆ ಕೋಣೆ ತುಂಬ ಹದಿನಾರು ಮಕ್ಕಳು. ಗೋಡೆಯ ಮೇಲೆ ಕನ್ನಡ ವರ್ಣಮಾಲೆ. ಬಾಗಿಲ ಬಳಿ ಕೂತಿದ್ದ ಶ್ರದ್ಧಾ ಎಂಬ ಪುಟ್ಟಿ ಮರಾಠಿಯಲ್ಲೇ ಗದರಿಸಿದಳು. "ಅಂಕಲ್, ಚಪ್ಪಲ್ ಬಾಹೇರ್!"

ಮುರಾರಿ ಚಪ್ಪಲಿ ಹೊರಗೆ ಬಿಟ್ಟ. ರಾಯರು ಬಾಯಿ ಬಿಟ್ಟರು.

"ಎಂತದು ಸುಗುಣಾ ಇದು? ಅದು ನಾಟಕ ಅಲ್ವಾ?"

"ನಾಟಕವೇ," ಎಂದಳು ಸುಗುಣಾ, ಹಲಗೆಯ ಮೇಲೆ ‘ಅ’ ಬರೆಯುತ್ತಾ. "ಕೆಳಗೆ ಬೋರ್ಡಿನಲ್ಲಿ ಎಲ್ಲ ಬರೆದುಂಟು. ಈಗಲಾದರೂ ಓದಿ."

ರಾಯರು ಮೆಟ್ಟಿಲಿಳಿದು, ಕನ್ನಡಕ ಏರಿಸಿ, ತಿಂಗಳಿಂದ ತೂಗುತ್ತಿದ್ದ ಆ ಕಾಗದವನ್ನು ಮೊದಲ ಬಾರಿಗೆ ಓದಿದರು. ಅಡಿಯಲ್ಲಿ ಅವರದೇ ಸಹಿ, ಅವರದೇ ಅಧ್ಯಕ್ಷರ ಮೊಹರು.

"ವಾರ್ಷಿಕ ಮಹಾಸಭೆ. ವಿಷಯ: ಮೊದಲ ಮಹಡಿಯ ಕೋಣೆಯನ್ನು ಕನ್ನಡ ತರಗತಿಗೆ ಕೊಡುವುದು. ಸಭೆ ನಡೆಯುವ ರೀತಿ: ಅಣಕು ಸಂಸತ್ತು."